ಪೂರ್ವದಿಂದ ಪಶ್ಚಿಮಕ್ಕೆ: ಥೂಲಾಖರ್ಕಾದಲ್ಲಿ ಹದ್ದುಗಳ ಎಣಿಕೆ

ಶುಕ್ರವಾರ, ಪೋಖರಾ

ಚಳಿಗಾಲ ಬಂತೆಂದರೆ ಹಕ್ಕಿಗಳು ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತವೆ ಅಂತ ನಾವೆಲ್ಲ ಓದಿದ್ದೇವೆ, ಅಲ್ವಾ? ನೇಪಾಳದ ಈ ಭಾಗದಲ್ಲಿ ಹದ್ದುಗಳು ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತವೆ. ಹಿಮಾಲಯವನ್ನು ಬಲಗಡೆ ಇಟ್ಟುಕೊಂಡು, ಅದರ ದಕ್ಷಿಣದ ಇಳಿಜಾರನ್ನೇ ಹಿಡಿದು ದಿನಗಟ್ಟಲೆ ಹಾರುತ್ತವೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಇದರ ಭರಾಟೆ ಜೋರು. ಪೋಖರಾದಿಂದ ಹೆಚ್ಚು ದೂರವಿಲ್ಲದ ಥೂಲಾಖರ್ಕಾ ಎಂಬ ಬೆಟ್ಟದ ನೆತ್ತಿಯಲ್ಲಿ 2012ರಿಂದ ಇವುಗಳ ಎಣಿಕೆ ನಡೆಯುತ್ತಿದೆ. ಎಣಿಸುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಅವರ ಜೊತೆ ಸೇರಿಕೊಳ್ಳಲು ನಾನು ಬಂದಿದ್ದೆ.

ಕಠ್ಮಂಡುವಿನಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ದಿನದ ಮುಕ್ಕಾಲು ಭಾಗ ಮುಗಿದಿತ್ತು. ರಸ್ತೆ ಕೆಲಸ, ಧೂಳು, ಟ್ರಕ್ಕುಗಳ ಸಾಲು. ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಇಳಿದ ತಕ್ಷಣ ಮಾಡಿದ ಕೆಲಸ ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರವಾನಗಿ ತೆಗೆದುಕೊಂಡಿದ್ದು. ಭಾರತದವರಿಗೆ ಅದು ಬೇರೆ ವಿದೇಶಿಯರಿಗಿಂತ ಅಗ್ಗ. ನಮ್ಮ ನೂರು ರೂಪಾಯಿ ಅಲ್ಲಿ ನೂರ ಅರವತ್ತು ಆಗುತ್ತದೆ.

ಸಂಜೆ ಫೇವಾ ಕೆರೆಯ ದಂಡೆಯಲ್ಲಿ ನಿಂತರೆ ಸಾರಂಗಕೋಟ್ ಕಡೆಯಿಂದ ಪ್ಯಾರಾಗ್ಲೈಡರ್‌ಗಳು ಇಳಿಯುತ್ತಿದ್ದರು. ಅವರ ನಡುವೆಯೇ ಎರಡು ರಣಹದ್ದುಗಳು ಸುತ್ತುತ್ತಿದ್ದವು. ಮನುಷ್ಯರೂ ಹಕ್ಕಿಗಳೂ ಒಂದೇ ಬಿಸಿಗಾಳಿಯನ್ನು ಹಂಚಿಕೊಂಡಿದ್ದರು. ಹದ್ದು ಮೇಲೇರುತ್ತಿರುವ ಜಾಗಕ್ಕೆ ಪ್ಯಾರಾಗ್ಲೈಡರ್‌ಗಳು ಬೇಕೆಂದೇ ಹೋಗುತ್ತಾರಂತೆ. ಏರುಗಾಳಿ ಎಲ್ಲಿದೆ ಅಂತ ಹಕ್ಕಿಯಷ್ಟು ಸರಿಯಾಗಿ ಯಾವ ಯಂತ್ರವೂ ಹೇಳುವುದಿಲ್ಲ ಅಂತ ಒಬ್ಬ ಪೈಲಟ್ ಹೇಳಿದ.

ಶನಿವಾರ, ಕಾಂಡೆಯಿಂದ ಮೇಲಕ್ಕೆ

ಬಾಗ್ಲುಂಗ್ ಬಸ್ ಪಾರ್ಕಿನಿಂದ ಕಾಂಡೆಗೆ ಬಸ್. ಅಲ್ಲಿಂದ ಕಲ್ಲಿನ ಮೆಟ್ಟಿಲು. ಮೊದಲು ರಾಗಿ ಹೊಲಗಳು, ಆಮೇಲೆ ಕಾಡು. ಹೌದು, ರಾಗಿಯೇ. ನೇಪಾಳದ ಗುಡ್ಡಗಳಲ್ಲಿ ಅದನ್ನು ಕೋದೋ ಅಂತಾರೆ. ತೆನೆ ಕೊಯ್ಯುತ್ತಿದ್ದ ಹೆಂಗಸರು ನನ್ನ ಹೆಗಲ ಮೇಲಿದ್ದ ಟ್ರೈಪಾಡ್ ನೋಡಿ, 'ಚೀಲ್ ನೋಡೋಕೆ ಹೋಗ್ತಿದ್ದೀಯಾ ಭಾಯಿ?' ಅಂತ ಕೇಳಿದರು. ಚೀಲ್ ಅಂದರೆ ನೇಪಾಳಿಯಲ್ಲಿ ಹದ್ದು. ಊರಿನವರಿಗೆ ಈ ಎಣಿಕೆ ಹೊಸದಲ್ಲ.

ಹೊಸದಲ್ಲ ಅಂದೆನಲ್ಲ, ಅದಕ್ಕೆ ಇನ್ನೂ ಹಳೆಯ ಬೇರಿದೆ. 1985ರ ಶರತ್ಕಾಲದಲ್ಲೇ ಅನ್ನಪೂರ್ಣದ ದಕ್ಷಿಣದ ಈ ಬೆಟ್ಟಸಾಲಿನಲ್ಲಿ ಬೇಟೆಹಕ್ಕಿಗಳನ್ನು ಎಣಿಸಿದವರಿದ್ದಾರೆ. ಆಗ ದಾಖಲಾದ ಸಂಖ್ಯೆಗಳು ನಮಗೆ ಇವತ್ತಿಗೂ ಬೇಕು. ಹೋಲಿಸಿ ನೋಡಲು ಹಿಂದಿನದ್ದೇನಾದರೂ ಇದ್ದರೆ ತಾನೇ ಈಗಿನ ಲೆಕ್ಕಕ್ಕೆ ಅರ್ಥ?

ಮೇಲೆ ತಲುಪಿದಾಗ ಮಧ್ಯಾಹ್ನ. ಸುಮಾರು 2000 ಮೀಟರ್ ಎತ್ತರದ ಬಯಲು, ಕೆಲವು ಲಾಡ್ಜ್‌ಗಳು, ಮೇಯುವ ಎಮ್ಮೆಗಳು. ಉತ್ತರಕ್ಕೆ ತಿರುಗಿದರೆ ಅನ್ನಪೂರ್ಣ ಸೌತ್, ಹಿಯುನ್‌ಚುಲಿ, ಮಚ್ಛಾಪುಛ್ರೆ. ಮಚ್ಛಾಪುಛ್ರೆಯ ಎತ್ತರ 6993 ಮೀಟರ್. ನೇಪಾಳದವರಿಗೆ ಅದು ಪವಿತ್ರ ಶಿಖರ, ಹತ್ತಲು ಯಾರಿಗೂ ಅನುಮತಿ ಕೊಡುವುದಿಲ್ಲ. ಬಂದ ಪ್ರವಾಸಿಗರೆಲ್ಲ ಆ ಕಡೆ ತಿರುಗಿ ಸೆಲ್ಫಿ ತೆಗೆಯುತ್ತಿದ್ದರು. ಎಣಿಕೆಯವರು ಮಾತ್ರ ಪೂರ್ವಕ್ಕೆ ಮುಖ ಮಾಡಿ ಕೂತಿದ್ದರು.

ತಂಡ ಚಿಕ್ಕದು. ನೇಪಾಳದ ಇಬ್ಬರು ಕಾಲೇಜು ಹುಡುಗರು, ಒಬ್ಬ ಹುಡುಗಿ, ಯುರೋಪಿನಿಂದ ಬಂದ ಒಬ್ಬ ನಿವೃತ್ತ ಶಿಕ್ಷಕಿ, ಮತ್ತು ಎಲ್ಲರಿಗೂ ಹಿರಿಯರಾದ, ಎಲ್ಲರೂ 'ದಾಯಿ', ಅಂದರೆ ಅಣ್ಣ, ಅಂತ ಕರೆಯುವ ಒಬ್ಬರು. ಯಾರಿಗೂ ಸಂಬಳವಿಲ್ಲ. ಊಟ, ರೂಮು ಅವರವರ ಖರ್ಚು. ಆ ಹುಡುಗಿ ಕಾಲೇಜಿನ ರಜೆಯನ್ನೆಲ್ಲ ಇಲ್ಲೇ ಕಳೆಯುತ್ತಿದ್ದಳು.

ಸಂಜೆ ಚಿತ್ರಗಳನ್ನು ಹರಡಿ ಪಾಠ. ಇಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಯ ಬೇಟೆಹಕ್ಕಿಗಳು ಕಾಣುತ್ತವೆ, ಆದರೆ ಮುಖ್ಯ ಅತಿಥಿ ಸ್ಟೆಪ್ ಈಗಲ್. ಮಂಗೋಲಿಯಾ, ರಷ್ಯಾ, ಕಜಾಕಿಸ್ತಾನಗಳ ಹುಲ್ಲುಬಯಲಿನಲ್ಲಿ ಗೂಡು ಕಟ್ಟುವ ಕಂದು ಬಣ್ಣದ ದೊಡ್ಡ ಹದ್ದು. 2015ರಿಂದ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಅಷ್ಟು ವಿಶಾಲವಾದ ಬಯಲಿನಲ್ಲಿ ಗೂಡು ಹುಡುಕಿ ಎಣಿಸುವುದು ಆಗದ ಮಾತು. ಅವು ಒಂದೇ ದಾರಿಯಲ್ಲಿ ಸಾಲಾಗಿ ಹೋಗುವ ಜಾಗ ಹಿಡಿದು ಕೂರುವುದೇ ವಾಸಿ.

ಭಾನುವಾರ, ಎಣಿಕೆ ಶುರು

ಬೆಳಗ್ಗೆ ಬೇಗ ಎದ್ದರೆ ಏನೂ ಪ್ರಯೋಜನವಿಲ್ಲ. ಹದ್ದುಗಳು ರಾತ್ರಿ ಎಲ್ಲೋ ಕಾಡಿನ ಮರಗಳಲ್ಲಿ ಕೂತಿರುತ್ತವೆ. ಬಿಸಿಲು ಬಿದ್ದು, ಇಳಿಜಾರು ಕಾದು, ಗಾಳಿ ಮೇಲೇಳುವವರೆಗೆ ಕದಲುವುದಿಲ್ಲ. ಅಷ್ಟು ಭಾರದ ಹಕ್ಕಿ ರೆಕ್ಕೆ ಬಡಿದೇ ಸಾವಿರಾರು ಕಿಲೋಮೀಟರ್ ಹೋಗಲಾರದು. ಅದಕ್ಕೇ ಈ ಬೆಟ್ಟಸಾಲು ಬೇಕು. ದಕ್ಷಿಣದಿಂದ ಬೀಸುವ ಗಾಳಿ ಇಳಿಜಾರಿಗೆ ಬಡಿದು ಮೇಲಕ್ಕೆ ತಿರುಗುತ್ತದೆ. ಹದ್ದು ಅದರ ಮೇಲೆ ರೆಕ್ಕೆ ಚಾಚಿ ಸುಮ್ನೆ ಕೂರುತ್ತದೆ. ಒಂದು ಬೆಟ್ಟದ ಮೇಲೆ ಸುತ್ತಿ ಸುತ್ತಿ ಎತ್ತರ ಗಳಿಸಿ, ಮುಂದಿನ ಬೆಟ್ಟಕ್ಕೆ ಜಾರಿಕೊಂಡು ಹೋಗುತ್ತದೆ. ಪಶ್ಚಿಮ ಭಾರತಕ್ಕೆ, ಪಾಕಿಸ್ತಾನಕ್ಕೆ, ಕೆಲವು ಇನ್ನೂ ಆಚೆಗೆ. ದಾರಿಯುದ್ದಕ್ಕೂ ಇದೇ ಉಪಾಯ.

ನಿಯಮಗಳು ಕಟ್ಟುನಿಟ್ಟು. ನಾವು ನಿಂತ ಜಾಗದಿಂದ ಉತ್ತರ–ದಕ್ಷಿಣಕ್ಕೆ ಒಂದು ಗೆರೆ ಇದೆ ಅಂತ ಅಂದುಕೊಳ್ಳಬೇಕು. ಹಕ್ಕಿ ಪೂರ್ವದಿಂದ ಬಂದು ಆ ಗೆರೆ ದಾಟಿದ ಮೇಲೆ ಮಾತ್ರ ಕ್ಲಿಕ್ಕರ್ (ಒತ್ತಿದಾಗಲೆಲ್ಲ ಒಂದೊಂದು ಎಣಿಸುವ ಪುಟ್ಟ ಯಂತ್ರ) ಒತ್ತಬೇಕು. ಗೆರೆಯ ಈಚೆಯೇ ಸುತ್ತುತ್ತಿದ್ದರೆ ಕಾಯಬೇಕು. ತಿರುಗಿ ವಾಪಸ್ ಹೋದರೆ ಲೆಕ್ಕಕ್ಕಿಲ್ಲ. ಇಲ್ಲೇ ವಾಸವಿರುವ ಹಕ್ಕಿಗಳೂ ಇವೆ. ಅವು ಹೊತ್ತು ಹೊತ್ತಿಗೆ ಅದೇ ಬಂಡೆಯ ಮೇಲೆ ಬಂದು ಸುತ್ತುತ್ತವೆ, ಅವನ್ನೂ ಬಿಡಬೇಕು. ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯಬೇಕು: ಜಾತಿ, ಸಂಖ್ಯೆ, ವಯಸ್ಸು, ಗಾಳಿಯ ದಿಕ್ಕು, ಮೋಡ ಎಷ್ಟು, ಎಷ್ಟು ದೂರದವರೆಗೆ ಕಾಣುತ್ತಿದೆ.

ವಯಸ್ಸಿನ ಕಾಲಂ ಬಗ್ಗೆ ದಾಯಿ ತುಂಬಾ ಹೊತ್ತು ಮಾತಾಡಿದರು. ಸ್ಟೆಪ್ ಈಗಲ್‌ನ ಎಳೆಯ ಹಕ್ಕಿಗೆ ರೆಕ್ಕೆಯ ಅಡಿಯಲ್ಲಿ ಉದ್ದಕ್ಕೆ ಅಗಲವಾದ ಬಿಳಿ ಪಟ್ಟಿ ಇರುತ್ತದೆ. ಹಿಂದಿನ ಅಂಚಿನಲ್ಲೂ ಬಿಳಿ ಗೆರೆ. ವರ್ಷ ಕಳೆದಂತೆ, ಗರಿ ಉದುರಿ ಹೊಸದು ಬಂದಂತೆ, ಆ ಪಟ್ಟಿ ಅಲ್ಲಲ್ಲಿ ಮಾಸುತ್ತದೆ. ಪೂರ್ತಿ ಬೆಳೆದ ಹಕ್ಕಿಯಲ್ಲಿ ಇಲ್ಲವಾಗುತ್ತದೆ. 'ಎಷ್ಟು ಹದ್ದು ಹೋದವು ಅನ್ನೋದು ಅರ್ಧ ಸುದ್ದಿ ಅಷ್ಟೇ,' ಅಂದರು. 'ಅದರಲ್ಲಿ ಈ ವರ್ಷ ಹುಟ್ಟಿದ್ದು ಎಷ್ಟು ಅನ್ನೋದು ಉಳಿದರ್ಧ.' ದೊಡ್ಡ ಹದ್ದುಗಳು ಬಹಳ ವರ್ಷ ಬದುಕುತ್ತವೆ. ಮರಿಗಳೇ ಆಗದಿದ್ದರೂ ಕೆಲವು ವರ್ಷ ಒಟ್ಟು ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ. ಬಿಳಿ ಪಟ್ಟಿಯವು ಕಡಿಮೆಯಾದರೆ ಗೂಡಿನಲ್ಲಿ ಏನೋ ಸರಿಯಿಲ್ಲ ಅಂತ ಅಲ್ಲಿಗೆ ಹೋಗದೆಯೇ ಇಲ್ಲಿಂದ ತಿಳಿಯುತ್ತದೆ. ನನಗೆ ಈ ಮಾತು ಬಹಳ ಹಿಡಿಸಿತು. ಉಳಿದ ದಿನಗಳೆಲ್ಲ ನಾನು ನೋಡಿದ್ದು ಆ ಪಟ್ಟಿಯನ್ನೇ.

ಹತ್ತು ಗಂಟೆಯ ಹೊತ್ತಿಗೆ ಮೊದಲನೆಯದು ಬಂತು. ದೂರದ ಬೆಟ್ಟದ ಮೇಲೆ ಒಂದು ಚುಕ್ಕಿ. ಆಮೇಲೆ ಚುಕ್ಕಿಗೆ ಎರಡು ಚಪ್ಪಟೆ ರೆಕ್ಕೆ ಬಂದವು. ತುದಿಯಲ್ಲಿ ಬೆರಳುಗಳ ಹಾಗೆ ಬಿಡಿಬಿಡಿಯಾದ ಗರಿಗಳು. ದಾಯಿ ಬೈನಾಕ್ಯುಲರ್ ಇಳಿಸದೆ 'ಸ್ಟೆಪ್, ಅಡಲ್ಟ್' ಅಂದರು. ಕ್ಲಿಕ್.

ಅವತ್ತು ಆಕಾಶ ಪೂರ್ತಿ ನೀಲಿ. ಫೋಟೋಗೆ ಒಳ್ಳೆಯದು, ಎಣಿಕೆಗೆ ಕಷ್ಟ. ಮೋಡವಿದ್ದರೆ ಹಕ್ಕಿ ಎದ್ದು ಕಾಣುತ್ತದೆ. ಬರೀ ನೀಲಿಯಲ್ಲಿ ಕಣ್ಣಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಎತ್ತರದಲ್ಲಿ ಹೋಗುವ ಹದ್ದು ಬರಿಗಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಒಬ್ಬರು ಬರಿಗಣ್ಣಲ್ಲಿ, ಇಬ್ಬರು ಬೈನಾಕ್ಯುಲರ್‌ನಲ್ಲಿ, ಒಬ್ಬರು ಸ್ಕೋಪ್‌ನಲ್ಲಿ, ಆಕಾಶವನ್ನು ಭಾಗ ಮಾಡಿಕೊಂಡು ನಿಧಾನವಾಗಿ ಹುಡುಕುತ್ತಾ ಹೋಗಬೇಕು. ಮಧ್ಯಾಹ್ನಕ್ಕೆ ಕತ್ತು ಹಿಡಿದುಕೊಂಡಿತ್ತು. ಶಿಕ್ಷಕಿ ಚಾಪೆ ಹಾಸಿ ಅಂಗಾತ ಮಲಗಿಯೇ ಎಣಿಸುತ್ತಿದ್ದರು. ಅದೇ ಸರಿಯಾದ ವಿಧಾನ, ಹೋಗುವವರು ಒಂದು ಚಾಪೆ ತೆಗೆದುಕೊಂಡು ಹೋಗಿ.

ಸೋಮವಾರ, ಮಂಜು

ಕಣಿವೆಯಿಂದ ಎದ್ದ ಮಂಜು ಹನ್ನೊಂದರವರೆಗೂ ಬಿಡಲಿಲ್ಲ. ಬಿಟ್ಟ ಮೇಲೂ ಗಾಳಿ ಸತ್ತುಹೋಗಿತ್ತು. ಒಂದು ಗಂಟೆಯಲ್ಲಿ ಒಂದೂ ಹಕ್ಕಿ ಬರಲಿಲ್ಲ. ಹುಡುಗಿ ಪುಸ್ತಕ ತೆರೆದು ಎಲ್ಲಾ ಕಾಲಂಗಳಲ್ಲೂ ಸೊನ್ನೆ ಬರೆದಳು, ಕೆಳಗೆ ಗಾಳಿ, ಮೋಡದ ವಿವರ ತುಂಬಿದಳು. ಮತ್ತೊಂದು ಗಂಟೆ, ಮತ್ತೆ ಸೊನ್ನೆಗಳು.

ಇದನ್ನು ಎಲ್ಲಕ್ಕಿಂತ ಮುಖ್ಯ ಅಂತ ಹೇಳುತ್ತೇನೆ. ಹಕ್ಕಿ ಬಂದ ದಿನ ಎಣಿಸಲು ಯಾರು ಬೇಕಾದರೂ ಬರುತ್ತಾರೆ. ಬರದ ದಿನವೂ ಅದೇ ಜಾಗದಲ್ಲಿ, ಅಷ್ಟೇ ಹೊತ್ತು, ಅಷ್ಟೇ ಗಮನವಿಟ್ಟು ಕೂತಿದ್ದರೆ ಮಾತ್ರ ಆ ಪುಸ್ತಕಕ್ಕೆ ಬೆಲೆ. ಖಾಲಿ ಬಿಟ್ಟ ಕಾಲಂ ಅಂದರೆ ನೋಡಲಿಲ್ಲ ಅಂತ. ಸೊನ್ನೆ ಅಂದರೆ ನೋಡಿದೆವು, ಇರಲಿಲ್ಲ ಅಂತ. ಇಪ್ಪತ್ತು ವರ್ಷದ ಆ ಹುಡುಗಿ ಥಂಡಿಯಲ್ಲಿ ಬೆರಳಿಗೆ ಬಿಸಿಯುಸಿರು ಊದಿಕೊಳ್ಳುತ್ತಾ ಒಂದೊಂದೇ ಸೊನ್ನೆ ಬರೆಯುವುದನ್ನು ನೋಡಿ ನನಗೆ ನಿಜವಾಗಿ ಗೌರವ ಬಂತು.

ಸಂಜೆ ಲಾಡ್ಜ್‌ನ ಒಲೆಯ ಮುಂದೆ ದಾಲ್‌ಭಾತ್, ಗುಂದ್ರುಕ್ (ಹುಳಿಬರಿಸಿ ಒಣಗಿಸಿದ ಸೊಪ್ಪು) ಸಾರು. ಲಾಡ್ಜ್‌ನ ದೀದಿ ಎರಡನೇ ಸಲ ಬಡಿಸದೆ ಯಾರನ್ನೂ ಏಳಲು ಬಿಡಲಿಲ್ಲ.

ಮಂಗಳವಾರ, ಕಾಗೆಗಳ ದಿನ

ನಮ್ಮ ದೀಪಾವಳಿಯ ಹೊತ್ತಿಗೆ ಇಲ್ಲಿ ತಿಹಾರ್. ಮೊದಲ ದಿನ ಕಾಗ್ ತಿಹಾರ್, ಅಂದರೆ ಕಾಗೆಗೆ ಹಬ್ಬ. ದೀದಿ ಬೆಳಗ್ಗೆ ಎಲೆಯ ಮೇಲೆ ಅನ್ನ, ಸಿಹಿ ಇಟ್ಟು ಅಂಗಳದ ಗೋಡೆಯ ಮೇಲೆ ಇರಿಸಿದರು. ಕಾಗೆಗಳು ಕಾದಿದ್ದವರ ಹಾಗೆ ಬಂದವು.

ಅವತ್ತು ಲಾಡ್ಜ್‌ನ ಮುದುಕ ಅಪ್ಪ ನಮ್ಮ ಜೊತೆ ಬಂದು ಕೂತರು. ಎಮ್ಮೆ ಸಾಕಿದವರು. ಹಿಂದೆ ಎಮ್ಮೆ ಸತ್ತರೆ ಇಳಿಜಾರಿಗೆ ಎಳೆದು ಹಾಕುತ್ತಿದ್ದೆವು, ಮಧ್ಯಾಹ್ನದೊಳಗೆ ರಣಹದ್ದುಗಳು ಮೂಳೆ ಮಾತ್ರ ಉಳಿಸುತ್ತಿದ್ದವು, ಆಮೇಲೆ ಬರುವುದು ನಿಂತಿತು ಅಂದರು. ಯಾಕೆ ಅಂತ 2004ರಲ್ಲಿ ಗೊತ್ತಾಯಿತು. ದನಕರುಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ರಣಹದ್ದಿನ ಮೂತ್ರಪಿಂಡ ಕೆಡಿಸುತ್ತಿತ್ತು. ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳು ಹದಿನೈದೇ ವರ್ಷದಲ್ಲಿ 99.9% ಇಲ್ಲವಾದವು. 2006ರಲ್ಲಿ ಭಾರತ, ನೇಪಾಳ, ಪಾಕಿಸ್ತಾನ ಮೂರೂ ದೇಶಗಳು ಪಶುಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿದವು. ಅದೇ ವರ್ಷ ನೇಪಾಳದ ಪಿಠೌಲಿಯಲ್ಲಿ ಊರಿನವರೇ ಸೇರಿ, ಔಷಧಿಯ ವಿಷವಿಲ್ಲದ ಮುದಿ ದನಗಳನ್ನು ಸಾಕಿ, ಅವು ತಾವಾಗಿ ಸತ್ತ ಮೇಲೆ ರಣಹದ್ದುಗಳಿಗೆ ಹಾಕುವ ಜಾಗ ಮಾಡಿದರು. ಪೋಖರಾದ ಹತ್ತಿರದ ಘಾಚೋಕ್‌ನಲ್ಲೂ ಅಂಥದ್ದೊಂದಿದೆ.

ಇದರಲ್ಲಿ ಸ್ಟೆಪ್ ಈಗಲ್‌ನ ಪಾಲೂ ಇದೆ. ಅದೂ ಚಳಿಗಾಲದಲ್ಲಿ ಸತ್ತ ದನ ತಿನ್ನುತ್ತದೆ. ರಾಜಸ್ಥಾನದ ಬಿಕಾನೇರ್ ಹತ್ತಿರ ಸತ್ತು ಸಿಕ್ಕ ಸ್ಟೆಪ್ ಈಗಲ್‌ಗಳ ದೇಹದಲ್ಲೂ ಇದೇ ಔಷಧಿ ಇತ್ತು. ರಣಹದ್ದನ್ನು ಕೊಂದದ್ದು ಹದ್ದನ್ನೂ ಕೊಲ್ಲುತ್ತದೆ ಅಂತ 2014ರಲ್ಲಿ ಪ್ರಕಟವಾಯಿತು. ಹಾಗಾಗಿ ನಮ್ಮ ಮೇಲಿಂದ ಹಾಯಾಗಿ ಹೋಗುವ ಹಕ್ಕಿ ಎಲ್ಲಿಗೆ ಹೋಗಿ ಏನು ತಿನ್ನುತ್ತದೆ ಎಂಬ ಪ್ರಶ್ನೆ ನನ್ನನ್ನು ಕಾಡುತ್ತಲೇ ಇತ್ತು. ಈಗ ಎಮ್ಮೆಗೆ ನೋವಾದರೆ ಏನು ಸೂಜಿ ಹಾಕಿಸುತ್ತೀರಿ ಅಂತ ಆ ಹಿರಿಯರನ್ನು ಕೇಳಿದೆ. 'ಮೆಲೋಕ್ಸಿಕ್ಯಾಮ್,' ಅಂದರು, ಒಂದು ಕ್ಷಣವೂ ತಡೆಯದೆ. ರಣಹದ್ದಿಗೆ ಅಪಾಯವಿಲ್ಲದ ಔಷಧಿ ಅದು. ಆ ಹೆಸರನ್ನು ಅವರ ಬಾಯಲ್ಲಿ ಕೇಳಿ ಖುಷಿಯಾಯಿತು.

ಮಧ್ಯಾಹ್ನದಿಂದ ಪೂರ್ವದಲ್ಲಿ ಮೋಡ ಕಟ್ಟಿತು. ಹಕ್ಕಿಗಳು ತೀರಾ ಕಡಿಮೆ. 'ಹಿಂದೆ ಎಲ್ಲೋ ತಡೆದು ನಿಂತಿವೆ,' ಅಂದರು ದಾಯಿ. 'ನಾಳೆ ನೋಡು.'

ಬುಧವಾರ

ಅವತ್ತು ಕುಕುರ್ ತಿಹಾರ್, ನಾಯಿಗಳ ಹಬ್ಬ. ಲಾಡ್ಜ್‌ನ ನಾಯಿಗೆ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ. ಅದು ಹಾರ ಹಾಕಿಕೊಂಡೇ ನಮ್ಮ ಜೊತೆ ಮೇಲಕ್ಕೆ ಬಂತು.

ಒಂಬತ್ತೂವರೆಗೆ ಗಾಳಿ ಎದ್ದಿತು. ಎತ್ತರದಲ್ಲಿ ತೆಳುವಾದ ಬಿಳಿ ಮೋಡ. ಹತ್ತಕ್ಕೆ ಮೂರು ಹದ್ದು, ಆಮೇಲೆ ಏಳು, ಆಮೇಲೆ ಎಣಿಸಲು ಉಸಿರು ಬಿಗಿಹಿಡಿಯಬೇಕಾಯಿತು. ಪೂರ್ವದ ಬೆಟ್ಟದ ಮೇಲೆ ಒಂದು ಗುಂಪು ಸುತ್ತುತ್ತಾ ಮೇಲೇರುತ್ತಿತ್ತು. ಅದರ ತುದಿಯಿಂದ ಒಂದೊಂದೇ ಹದ್ದು ಬಿಟ್ಟುಕೊಂಡು, ರೆಕ್ಕೆ ಸ್ವಲ್ಪ ಮಡಚಿ, ನೇರ ನಮ್ಮ ಕಡೆಗೆ ಜಾರುತ್ತಿತ್ತು. ಸುತ್ತುವ ಗುಂಪನ್ನು ಎಣಿಸಲು ಹೋಗಬಾರದು. ಒಂದರ ಹಿಂದೆ ಒಂದು ಅಡಗಿ, ಮತ್ತೆ ಕಾಣಿಸಿ, ಲೆಕ್ಕ ಕೈತಪ್ಪುತ್ತದೆ. ಸಾಲಾಗಿ ಜಾರಲು ಶುರು ಮಾಡಿದಾಗ ಒಂದೊಂದೇ ಒತ್ತಬೇಕು. ಹುಡುಗ ಸ್ಟೆಪ್ ಈಗಲ್‌ಗೆ ಕ್ಲಿಕ್ಕರ್ ಹಿಡಿದಿದ್ದ, ಹುಡುಗಿ ವಯಸ್ಸು ಕೂಗಿ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಅಡಲ್ಟ್, ಅಡಲ್ಟ್, ಪಟ್ಟಿ ಮಾಸಿದ್ದು, ಅಡಲ್ಟ್, ಎಳೆಯದು! 'ಎಳೆಯದು' ಅನ್ನುವಾಗ ಅವಳ ದನಿ ಪ್ರತಿ ಸಲವೂ ಏರುತ್ತಿತ್ತು.

ಆ ಗಂಟೆಯಲ್ಲಿ ನೂರರ ಗಡಿ ದಾಟಿತು. ನಡುವೆ ಹಿಮಾಲಯನ್ ಗ್ರಿಫನ್ ರಣಹದ್ದುಗಳು, ಒಂದು ಕಪ್ಪು ರಣಹದ್ದು, ಬಝರ್ಡ್‌ಗಳು, ತುಂಬಾ ಕೆಳಗೆ ಮರಗಳ ನೆತ್ತಿ ಸವರಿಕೊಂಡು ಹೋದ ಒಂದು ಸ್ಪ್ಯಾರೋಹಾಕ್. ಯಾರೂ ಕ್ಯಾಮೆರಾ ಮುಟ್ಟಲಿಲ್ಲ. ಎಣಿಸುವಾಗ ಫೋಟೋ ಇಲ್ಲ ಅನ್ನುವುದು ತಂಡದ ನಿಯಮ. ಫೋಟೋ ತೆಗೆಯುವ ಹೊತ್ತಿಗೆ ನಾಲ್ಕು ಹಕ್ಕಿ ತಪ್ಪಿಹೋಗುತ್ತವೆ, ನನಗೂ ಅದು ನ್ಯಾಯ ಅನ್ನಿಸಿತು.

ಎರಡು ಗಂಟೆಯ ಸುಮಾರಿಗೆ ಒಂದು ಎಳೆಯ ಹದ್ದು ಬೆಟ್ಟದ ಅಂಚಿಗೆ ತೀರಾ ಹತ್ತಿರ ಬಂತು. ನಮಗಿಂತ ಮೇಲಲ್ಲ, ಕಣ್ಣಿನ ಮಟ್ಟದಲ್ಲಿ. ರೆಕ್ಕೆ ಬಡಿಯಲಿಲ್ಲ. ತುದಿಯ ಗರಿಗಳು ಮಾತ್ರ ಒಂದೊಂದೂ ಬೇರೆಬೇರೆಯಾಗಿ ಗಾಳಿಗೆ ಬಾಗಿ ಏಳುತ್ತಿದ್ದವು. ಬಾಯಿಯ ಹಳದಿ ಅಂಚು ಕಣ್ಣಿನ ಕೆಳಗೂ ಹಾದು ಹಿಂದಕ್ಕೆ ಚಾಚಿತ್ತು. ಸ್ಟೆಪ್ ಈಗಲ್ ಗುರುತಿಸಲು ಅದೊಂದು ಒಳ್ಳೆಯ ಗುರುತು. ಗಂಟಲಿನ ಕೆಳಗೆ ಉಬ್ಬು ಇರಲಿಲ್ಲ, ಅಂದರೆ ಈಗಷ್ಟೇ ಹೊಟ್ಟೆತುಂಬ ತಿಂದದ್ದಲ್ಲ. ಒಂದು ಬದಿ ವಾಲಿದಾಗ ಬಿಳಿ ಪಟ್ಟಿ ಪೂರ್ತಿ ಕಂಡಿತು. ಒಂದು ಗರಿಯೂ ಸವೆದಿರಲಿಲ್ಲ. ಕೆಲವೇ ತಿಂಗಳ ಹಿಂದೆ ಯಾವುದೋ ಹುಲ್ಲುಬಯಲಿನಲ್ಲಿ ಮೊಟ್ಟೆಯೊಡೆದು ಬಂದದ್ದು. ತಲೆ ತಿರುಗಿಸಿ ಒಮ್ಮೆ ನಮ್ಮನ್ನು, ಒಮ್ಮೆ ಹಾರ ಹಾಕಿದ್ದ ನಾಯಿಯನ್ನು ನೋಡಿತು. ಗೆರೆ ದಾಟಿತು. ಕ್ಲಿಕ್.

ನಾಲ್ಕರ ನಂತರ ಇಳಿಜಾರು ತಣ್ಣಗಾಗಿ ಹಾರಾಟ ನಿಂತಿತು. ಎಲ್ಲರೂ ಪುಸ್ತಕದ ಸುತ್ತ ಸೇರಿ ಕೂಡಿಸಿದರು, ಎರಡನೇ ಸಲ ಬೇರೆಯವರು ಕೂಡಿಸಿದರು. ಎರಡು ಹಕ್ಕಿಗಳ ಬಗ್ಗೆ ಒಮ್ಮತ ಬರಲಿಲ್ಲ. ಅವನ್ನು 'ಗುರುತಿಸದ ಹದ್ದು' ಎಂಬ ಕಾಲಂಗೆ ಹಾಕಿದರು. ಯಾರೂ ಒತ್ತಾಯ ಮಾಡಲಿಲ್ಲ. ಇಂಥ ಕಾಲಂ ಇರುವ ಪುಸ್ತಕವನ್ನು ನಾನು ನಂಬುತ್ತೇನೆ.

ಗುರುವಾರ, ಲಕ್ಷ್ಮಿ ಪೂಜೆ

ಹಗಲು ಸಾಧಾರಣ ಎಣಿಕೆ. ರಾತ್ರಿ ಅಂಗಳದ ತುಂಬಾ ದೀಪ, ಬಾಗಿಲಿನಿಂದ ಪೂಜೆಯ ಕೋಣೆಯವರೆಗೆ ಕೆಮ್ಮಣ್ಣಿನಲ್ಲಿ ಸಾರಿಸಿದ ದಾರಿ, ಲಕ್ಷ್ಮಿಗೆ ಪುಟ್ಟ ಹೆಜ್ಜೆಗಳು. ಊರಿನ ಹುಡುಗಿಯರು ಭೈಲೋ ಹಾಡುತ್ತಾ ಬಂದರು, ತಂಡದ ಎಲ್ಲರೂ ಅವರ ತಟ್ಟೆಗೆ ದುಡ್ಡು ಹಾಕಿದೆವು.

ಶುಕ್ರವಾರ, ಇಳಿದದ್ದು

ಬೆಳಗ್ಗೆ ಹೊಸ ಸ್ವಯಂಸೇವಕರಿಬ್ಬರು ಮೇಲೆ ಬಂದರು. ಚಿತ್ರಗಳನ್ನು ಹರಡಿ ಬಿಳಿ ಪಟ್ಟಿಯ ಪಾಠ ಹೇಳಿದ್ದು ಈ ಸಲ ಆ ಹುಡುಗಿ. ದಾಯಿ ಮಾತಾಡದೆ ಕೇಳಿಸಿಕೊಂಡು ಕೂತಿದ್ದರು. ನಾನು ನನ್ನ ಕ್ಲಿಕ್ಕರನ್ನೂ ಚಾಪೆಯನ್ನೂ ಹೊಸಬರಿಗೇ ಕೊಟ್ಟು ಬಂದೆ. ನೆತ್ತಿಯಲ್ಲಿ ಎಣಿಕೆ ಇನ್ನೂ ಕೆಲವು ವಾರ ನಡೆಯುತ್ತದೆ, ಜನ ಯಾವಾಗಲೂ ಕಡಿಮೆಯೇ. ಹದ್ದು ಗೊತ್ತಿಲ್ಲದವರೂ ಹೋಗಬಹುದು. ಬರೆಯುವವರು, ಆಕಾಶದ ಒಂದು ಭಾಗವನ್ನು ಬಿಡದೆ ನೋಡುವವರು ಇದ್ದರೆ ಗುರುತಿಸುವವರ ಕೆಲಸ ಎಷ್ಟೋ ಹಗುರ. ಬೆಚ್ಚಗಿನ ಬಟ್ಟೆ ಜಾಸ್ತಿ ಇರಲಿ, ಬಿಸಿಲಿಗೆ ಟೋಪಿಯೂ ಇರಲಿ.

ಪೋಖರಾಗೆ ಬಂದ ಮೇಲೆ ಬಿಕಾನೇರ್‌ಗೆ ರೈಲಿನ ಟಿಕೆಟ್ ಮಾಡಿಸಿದೆ, ಜನವರಿಗೆ. ಆ ಊರಿನ ಹತ್ತಿರದ ಜೋರ್‌ಬೀರ್‌ನಲ್ಲಿ ಸತ್ತ ದನ, ಒಂಟೆಗಳನ್ನು ತಂದು ಹಾಕುವ ಬಯಲಿದೆ. ಚಳಿಗಾಲದಲ್ಲಿ ಸ್ಟೆಪ್ ಈಗಲ್‌ಗಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರುತ್ತವೆ. ನೆಲದ ಮೇಲೆ ಕೂತಿರುವ ಹದ್ದಿನ ರೆಕ್ಕೆಯ ಅಡಿ ಕಾಣುವುದಿಲ್ಲ, ಏಳುವವರೆಗೆ ಕಾಯಬೇಕು. ಬಿಳಿ ಪಟ್ಟಿಯವು ಎಷ್ಟು, ಇಲ್ಲದವು ಎಷ್ಟು ಅಂತ ಅಲ್ಲೂ ಬರೆದುಕೊಂಡು ಈ ತಂಡಕ್ಕೆ ಕಳಿಸುತ್ತೇನೆ.